ಬೇಸ್‌ಮೆಂಟಿನ ಬಾಣಂತಿ

ಮಿಸಿಸಾಗದಲ್ಲಿ ಕಲಾವತಿಯ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದ ಫಿಲಿಪೀನ್ಸಿನ ಹುಡುಗಿ ಮಾರಿಸೆಲ್ ಹೆತ್ತು ವಾರವಾಗಿತ್ತು. ಗಂಡ ಲಾರಿ ಓಡಿಸುತ್ತ ವ್ಯಾಂಕೂವರ್ ಕಡೆ ಹೋಗಿದ್ದ. ತಾಯಿಗೆ ವೀಸಾ ಸಿಕ್ಕಿರಲಿಲ್ಲ. ಕೂಸಿನ ಅಳು, ಅದರ ತಾಯಿಯ ಅಳು ಎರಡೂ ಮೇಲಿನ ಅಡುಗೆಮನೆಗೆ ಕೇಳುತ್ತಿದ್ದವು.

ಅಂದು ಬೆಳಗಿನಿಂದ ಹಿಮ ಬೀಳುತ್ತಿತ್ತು. ಕಲಾವತಿ ಕೆಳಗಿಳಿದು, ಏನಾದರೂ ತಿಂದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಹಾಲೇ ಬರ್ತಿಲ್ಲ ಆಂಟಿ. ಅಮ್ಮ ಇದ್ದಿದ್ರೆ ತಿನೋಲಾ ಮಾಡಿಕೊಡ್ತಿದ್ಳು."

ತಿನೋಲಾ ಎಂದರೆ ಶುಂಠಿ ಹಾಕಿದ ಕೋಳಿಯ ತಿಳಿಸಾರು. ಮಾರಿಸೆಲ್ ಫ್ರೀಜರಿನಲ್ಲಿ ಅದಕ್ಕೆಂದೇ ತಂದಿಟ್ಟಿದ್ದ ಸೊಪ್ಪಿನ ಪೊಟ್ಟಣ ತೆರೆದದ್ದೇ ಕಲಾವತಿಯ ಬಾಯಿಂದ ಹುಬ್ಬಳ್ಳಿ ಮಾತು ಹೊರಬಿತ್ತು: "ಅಯ್ಯs, ಇದು ನುಗ್ಗಿ ತಪ್ಪಲಾ!"

ಮಾರಿಸೆಲ್‌ಳ ತಾಯಿ ಫೋನಿನ ವಿಡಿಯೋದಲ್ಲಿ ಬಂದಳು. ಇಂಗ್ಲಿಷ್ ಅಷ್ಟಕ್ಕಷ್ಟೆ, ಕೈಸನ್ನೆಯಲ್ಲೇ ಹೇಳಿಕೊಟ್ಟಳು. ಜಜ್ಜಿದ ಶುಂಠಿ, ಈರುಳ್ಳಿ, ಬೆಳ್ಳುಳ್ಳಿ ಹುರಿದು, ಕೋಳಿ ಬಾಡಿಸಿ, ಅಕ್ಕಿ ತೊಳೆದ ನೀರು ಹೊಯ್ಯಬೇಕು. ಸೀಮೆಬದನೆ ಬೆಂದ ಮೇಲೆ ಸೊಪ್ಪು. ಕಲಾವತಿಯ ಕೈ ಅಭ್ಯಾಸಬಲದಿಂದ ಖಾರದ ಡಬ್ಬಿಗೆ ಹೋಗಿತ್ತು. "ನೋ ಚಿಲಿ!" ಎಂದು ಅತ್ತ ಆಕೆ ಚೀರಿದಳು. ಇಬ್ಬರೂ ನಕ್ಕರು.

ಸಾರು ಕುದಿಯತೊಡಗಿತು. ಬೇಸ್‌ಮೆಂಟಿನ ನೆಲಮಟ್ಟದ ಕಿಟಕಿಗೆ ಹಬೆ ಕವಿದು ರಸ್ತೆ, ಕಾರು, ಹಿಮ ಎಲ್ಲ ಕರಗಿಹೋದವು. ಶುಂಠಿಯ ಘಮದಲ್ಲಿ ಕಲಾವತಿಗೆ ತಾನು ಯಾವ ಊರಿನಲ್ಲಿದ್ದೇನೆಂಬುದೇ ಮರೆತುಹೋಯಿತು. ಈ ದೇಶಕ್ಕೆ ಬಂದ ಹೊಸದರಲ್ಲಿ, ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯ ಕಟ್ಟಡವೊಂದರ ಹನ್ನೊಂದನೆಯ ಮಹಡಿಯಲ್ಲಿ ತಾನು ಬಾಣಂತಿಯಾಗಿದ್ದ ದಿನಗಳು ತೇಲಿ ಬಂದವು.

"ನನಗ ಯಾರೂ ಇರಲಿಲ್ರೀ. ಚಾ, ಬ್ರೆಡ್ಡು ತಿಂದs ಬಾಣಂತನ ಮುಗಿಸಿದೆ," ಎಂದಳು ಫೋನಿನ ಕಡೆ ನೋಡಿ, ಕನ್ನಡದಲ್ಲೇ. ಯಾರಿಗೂ ಹೇಳದ ಮಾತು. ಅತ್ತ ಮಾರಿಸೆಲ್‌ಳ ತಾಯಿ ಗಲ್ಲಕ್ಕೆ ಕೈಯಿಟ್ಟು ಕೇಳಿಸಿಕೊಂಡಳು, ತನ್ನ ಭಾಷೆಯಲ್ಲಿ ಮೆತ್ತಗೆ ಏನೋ ಅಂದಳು. ಕಲಾವತಿಗೆ ಅದೆಲ್ಲ ಅರ್ಥವಾದಂತೆಯೇ ಅನಿಸಿ ಕಣ್ಣು ತುಂಬಿದವು.

ಮಾರಿಸೆಲ್ ಅನ್ನಕ್ಕೆ ಸಾರು ಹಾಕಿಕೊಂಡು ಉಂಡಳು, ಮತ್ತೆ ಹಾಕಿಸಿಕೊಂಡಳು. ಹಣೆಯಲ್ಲಿ ಬೆವರೊಡೆಯಿತು. ಕುಳಿತಲ್ಲೇ ನಿದ್ದೆ ಹೋದಳು. ಕಲಾವತಿ ಕೂಸನ್ನು ಎದೆಗೊರಗಿಸಿಕೊಂಡು, ತೂಗುತ್ತ ತೂಗುತ್ತ ತಾನೂ ಜೊಂಪಿಗೆ ಜಾರಿದಳು.

ಸಂಜೆ ಎಚ್ಚರಾದಾಗ ಮಾರಿಸೆಲ್ ಕೂಸಿಗೆ ಹಾಲೂಡಿಸುತ್ತಿದ್ದಳು. ಗುಟುಕುಗಳ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಕಲಾವತಿ ಮೇಲೆ ಹೋಗಿ, ನಾಳೆಯ ಶಿಫ್ಟಿಗೆ ಬರುವುದಿಲ್ಲವೆಂದು ಫೋನ್ ಮಾಡಿದಳು. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದಿತ್ತು.