ಯಲ್ಲಾಪುರದ ಅಂಕಿ

ಶಾಂತವ್ವ, ನಿಮ್ಮ ಕಾಲು ಹೋದದ್ದು ನನ್ನ ಸುಳ್ಳಿನಿಂದ. ಇಷ್ಟು ವರ್ಷ ನುಂಗಿಕೊಂಡಿದ್ದೆ — ಇನ್ನು ಆಗದು.

ತೊಂಬತ್ತರ ದಶಕದ ಕೊನೆಯಲ್ಲಿ ಶಿರಸಿಯಲ್ಲಿ ನನ್ನದೊಂದು ರಕ್ತಪರೀಕ್ಷೆಯ ಲ್ಯಾಬ್ ಇತ್ತು, ಅದು ನಿಮಗೆ ಗೊತ್ತು. ಗೊತ್ತಿಲ್ಲದ್ದನ್ನು ಹೇಳುತ್ತೇನೆ. ನಾವು ಸರಿಯಾಗಿ ಅಳೆಯುತ್ತೇವೆಯೇ ಎಂದು ನೋಡಲು ದೊಡ್ಡ ಊರಿನಿಂದ ಅಂಚೆಯಲ್ಲಿ ರಕ್ತದ ಮಾದರಿಯ ಪುಟ್ಟ ಸೀಸೆ ಬರುತ್ತಿತ್ತು. ಅದರಲ್ಲಿ ಸಕ್ಕರೆ ಎಷ್ಟಿದೆ ಎಂಬುದು ಕಳಿಸಿದವರಿಗೆ ಮಾತ್ರ ಗೊತ್ತು. ನಾವು ಅಳೆದು ಬರೆದು ಕಳಿಸಬೇಕು. ನಾವೋ, ಪರೀಕ್ಷೆ ಎಂದರೆ ಪಕ್ಕದವನ ಉತ್ತರ ಇಣುಕಿ ನೋಡುವ ಪೈಕಿ. ಸೀಸೆ ಬಂದ ದಿನ ಯಲ್ಲಾಪುರದ ಲ್ಯಾಬಿನ ಗೆಳೆಯ ಫೋನು ಮಾಡಿಯೇ ಮಾಡುತ್ತಿದ್ದ.

“ಯಂಗೆ ಇನ್ನೂರರ ಮೇಲೆ ಬಂತು ಮಾರಾಯ. ನಿಂಗೆ ಎಷ್ಟು?”

ನನಗೆ ಬಂದದ್ದು ಅದರ ಅರ್ಧ. “ಯಂಗೂ ಅಷ್ಟೇಯ” ಎಂದೆ. ಅವನ ಅಂಕಿಯನ್ನೇ ಬರೆದು ಕಳಿಸಿದೆ. ಸೀಸೆ ದಾರಿಯಲ್ಲಿ ಕೆಟ್ಟಿರಬೇಕು ಎಂದು — ಇಲ್ಲ, ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಕೆಟ್ಟಿದ್ದು ನನ್ನ ಪರೀಕ್ಷೆಯ ದ್ರಾವಣ. ಕರೆಂಟು ಹೋಗಿ ಹೋಗಿ ಫ್ರಿಜ್ಜಿನಲ್ಲೇ ಹಾಳಾಗಿತ್ತು. ಪಾಸಾದ ಸರ್ಟಿಫಿಕೇಟು ಬಂತು, ಗೋಡೆಗೆ ಹಾಕಿದೆ.

ಅದರ ಕೆಳಗೇ ಕುಳಿತು ನೀವು ರಕ್ತ ಕೊಟ್ಟಿರಿ. ಇಸಳೂರಿನ ಮನೆಯಲ್ಲಿ ಹೊಲಿಗೆ ಮಿಷನ್ನು ತುಳಿಯುವ ಕಾಲಿನಲ್ಲಿ ಮಾಯದ ಹುಣ್ಣು. ಸಕ್ಕರೆ ನಾರ್ಮಲ್ ಎಂದು ಬರೆದುಕೊಟ್ಟೆ. ಡಾಕ್ಟರು ಅದನ್ನು ನಂಬಿ ಮುಲಾಮು ಕೊಟ್ಟರು. ನಿಮ್ಮನ್ನು ಹುಬ್ಬಳ್ಳಿಗೆ ಒಯ್ಯುವ ಹೊತ್ತಿಗೆ ಸಕ್ಕರೆ ಮಿತಿ ಮೀರಿತ್ತು, ಪಾದ ಕತ್ತರಿಸಲೇಬೇಕಾಯಿತು.

ಸುದ್ದಿ ನನ್ನ ಲ್ಯಾಬಿಗೂ ಬಂತು. ಆ ಸೀಸೆ ನನಗೆ ಮೊದಲೇ ಹೇಳಿತ್ತಲ್ಲ — ನಿನ್ನ ಲ್ಯಾಬು ಅರ್ಧ ತೋರಿಸುತ್ತಿದೆ ಎಂದು! ಅದರ ಬಾಯಿ ಮುಚ್ಚಿಸಿದವನು ನಾನು. ಆ ದಿನಗಳಲ್ಲಿ ನನ್ನಿಂದ ನಾರ್ಮಲ್ ಎನ್ನಿಸಿಕೊಂಡು ಹೋದವರು ಇನ್ನೆಷ್ಟು ಜನವೋ. ಹಳೆಯ ದ್ರಾವಣ ಚೆಲ್ಲಿ ಹೊಸದು ತಂದೆ. ಯಾರಿಗೂ ಹೇಳಲಿಲ್ಲ.

ಆಮೇಲೊಂದು ದಿನ ನೀವು ಊರುಗೋಲು ಹಿಡಿದು ಬಂದಿರಿ. ಬಯ್ಯಲು ಬಂದಿರಿ ಎಂದುಕೊಂಡೆ. ಬಯ್ದಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ನೀವು ಗೋಡೆಯ ಸರ್ಟಿಫಿಕೇಟು ನೋಡಿ, ನಿಮ್ಮ ತವರು ಬನವಾಸಿ ಕಡೆಯ ಮಾತಿನಲ್ಲಿ ನನ್ನನ್ನೇ ಸಮಾಧಾನ ಮಾಡಿದಿರಿ.

“ನಿಮ್ಮದೇನು ತಪ್ಪಿಲ್ಲ ಬಿಡ್ರಿ. ನೀವು ನಾರ್ಮಲ್ ಅಂದ ಮ್ಯಾಲ ನಾನs ಬಾಯಿ ಕಟ್ಟಲಿಲ್ಲ, ಸಿಹಿ ತಿಂದು ಸಕ್ಕರಿ ಏರಿಸಿಕೊಂಡೆ. ಮನ್ಯಾಗೂ ಎಲ್ಲಾರೂ ಹಂಗs ಬೈತಾರ್ರಿ.”

ನಾನು ಹೌದೆಂದು ತಲೆಯಾಡಿಸಿದೆ. ಕಾಲು ಕಳೆದದ್ದು ಸಾಲದೆಂದು ತಪ್ಪನ್ನೂ ನಿಮ್ಮ ತಲೆಗೇ ಕಟ್ಟಿ ಕಳಿಸಿದೆ, ಶಾಂತವ್ವ.

ನಾಳೆ ಇಸಳೂರಿಗೆ ಬರುತ್ತೇನೆ. ನಿಮ್ಮ ಮನೆಯವರನ್ನೆಲ್ಲ ಕರೆಯಿರಿ. ನಿಮ್ಮ ಬಾಯಿ ಏನೂ ತಪ್ಪು ಮಾಡಿರಲಿಲ್ಲ ಎಂದು ಅವರೆದುರೇ ಹೇಳಬೇಕು.