ಬಾಜೂ ದಿನ್ನಿಗೆ ಹೋದ ಬಯಕೆಯ ಬುತ್ತಿ

ಬೈಲಹೊಂಗಲದ ಗೆಳೆಯನೊಬ್ಬ ಅಂಡಮಾನಿಗೆ ಹೋಗಿ ಬಂದು, ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನನ್ನನ್ನು ಕೂಡಿಸಿಕೊಂಡು ಮೊಬೈಲಿನ ಫೋಟೋ ತೋರಿಸಿದ. ಎಲ್ಲದರಲ್ಲೂ ಮುಂದೆ ಅವನು, ಹಿಂದೆ ಉಳಿದ ಜಾಗದಲ್ಲಿ ಸಮುದ್ರ. "ದ್ವೀಪ ಅಂದ್ರ ಇದಪಾ" ಅಂದ. "ನಮ್ಮೂರಿಗೆ ಬಾ, ಟಿಕೀಟಿಲ್ಲದ ಐದು ದ್ವೀಪ ತೋರಸ್ತೇನಿ" ಅಂದೆ. ನಕ್ಕ. ನಾನು ಏನು ಹೇಳಿದರೂ ಮಂದಿ ನಗುತ್ತಾರೆ. ಊರವರೆಲ್ಲರ ದನಿ ಅಣಕಿಸಿ ನಾನು ಗಳಿಸಿದ ಆಸ್ತಿ ಅದೊಂದೇ.

ಮಾತು ಸುಳ್ಳಲ್ಲ. ಮಲಪ್ರಭೆ ಕಿತ್ತೂರ ಸೀಮೆಯಲ್ಲಿ ಗತ್ತಿನಿಂದ ಹರಿಯುತ್ತಾಳೆ, ಅಲ್ಲಿಯವರು ದಾರಿ ಕೇಳಿದರೂ ಹುಕುಂ ಕೊಟ್ಟಂತಿರುವ ಹಾಗೆ. ಬೈಲಹೊಂಗಲದ ಕಡೆ ಸಂತೆಗೆ ತಡವಾದವರ ಅವಸರ. ಸವದತ್ತಿಯ ಹತ್ತಿರ ಅಣೆಕಟ್ಟೆ ಆಕೆಯನ್ನು ಹಿಡಿದು ನಿಲ್ಲಿಸುತ್ತದೆ. ಬಿಟ್ಟ ನೀರು ಗುಡ್ಡದ ಸಂದಿಯಿಂದ ಪಾರಾಗಿ ರಾಮದುರ್ಗದತ್ತ ಹೋಗುವುದು ಅಲ್ಲಿಯ ನೇಕಾರರ ಮಾತಿನಂತೆ, ಎಳೆ ಎಳೆಯಾಗಿ. ಕಟ್ಟೆ ತುಂಬಿದ ವರ್ಷ ಹಿನ್ನೀರಿನ ನಡುವೆ ನಮ್ಮೂರ ಐದು ದಿಬ್ಬದ ಹೊಲಗಳಷ್ಟೇ ತಲೆ ಎತ್ತಿ ನಿಲ್ಲುತ್ತವೆ. ಅವಕ್ಕೆ ದಿನ್ನಿ ಅನ್ನುತ್ತೇವೆ. ಬೇಸಿಗೆಯಲ್ಲಿ ನಡೆದು ಹೋಗುವ ಹೊಲಕ್ಕೆ ಆಗ ದೋಣಿ ಬೇಕು.

ಹೋದ ವರ್ಷ ಸೀಗಿ ಹುಣ್ಣಿಮೆಗೆ ಕಟ್ಟೆ ತುಂಬಿತ್ತು. ಆ ದಿನ ಭೂಮಿತಾಯಿ ಬಸುರಿ. ಬಯಕೆಯ ಊಟ ಒಯ್ದು ಹೊಲದ ತುಂಬ ಚೆಲ್ಲಬೇಕು, ಅದೇ ಚರಗ. ದೋಣಿಯ ವರ್ಷಗಳಲ್ಲಿ ಅಜ್ಜ ಒಬ್ಬನೇ ಒಯ್ಯುತ್ತಿದ್ದ. ಅಜ್ಜ ತೀರಿಕೊಂಡ ಮೇಲೆ ಇದು ಮೊದಲ ತುಂಬಿದ ಕಟ್ಟೆ. "ಬಸುರಿನ್ನ ಉಪಾಸ ಕೆಡವಿದ ಪಾಪ ನನಗ ಬ್ಯಾಡ" ಎಂದು ನಮ್ಮ ಆಯಿ, ಅಪ್ಪನ ಅವ್ವ, ಎಳ್ಳ ಹೋಳಿಗಿ, ಕಡಬು, ಸಜ್ಜಿ ರೊಟ್ಟಿ, ಪುಂಡಿಪಲ್ಯ ಬುಟ್ಟಿಗೆ ತುಂಬಿ ದೋಣಿ ಹತ್ತಿದಳು. ಆಕೆಯ ಕಣ್ಣಿಗೆ ಪೊರೆ. ಊರಿಗೆಲ್ಲ ಬುದ್ಧಿ ಹೇಳುವ ಅಪ್ಪನಿಗೆ ನೀರೆಂದರೆ ಜೀವಭಯ. ಮುಖಕ್ಕೆ ಟಾವೆಲ್ ಹೊದ್ದು ದೋಣಿಯ ನಡುವೆ ಮುದುಡಿ ಕುಂತ. ಅವನ ಹಿಂದೆ ನಾನು.

ಮುಂದೆ ಹುಟ್ಟು ಹಾಕುತ್ತಿದ್ದ ದೋಣಿಯವ ಹಿಂತಿರುಗದೇ ಕೇಳಿದ: "ಯಾವ ದಿನ್ನಿರೀ ಸಾವ್ಕಾರ್ರ?"

ಅಪ್ಪ ಟಾವೆಲ್ ಇನ್ನಷ್ಟು ಬಿಗಿ ಮಾಡಿಕೊಂಡ. ನನಗೆ ಬಾಯಿ ತುರಿಸಿತು. ಅಪ್ಪನದೇ ದನಿ ತೆಗೆದು, "ಬೇವಿನ ಗಿಡದ್ದು! ಕಣ್ಣು ಕಾಣಂಗಿಲ್ಲೇನ?" ಅಂದುಬಿಟ್ಟೆ. ದೋಣಿ ಅತ್ತ ತಿರುಗಿತು.

ಇಳಿದರೆ ಎದೆಮಟ್ಟ ತೊಗರಿ. ನಮ್ಮ ಹೊಲದಲ್ಲೂ ತೊಗರಿಯೇ, ಬದುವಿನಲ್ಲಿ ಬೇವಿನ ಗಿಡವೇ. ಅಪ್ಪ ತಲೆ ತಿರುಗುತ್ತದೆಂದು ಕಣ್ಣು ಮುಚ್ಚಿ ಬೇವಿನ ಬುಡ ಹಿಡಿದ. ಆಯಿ ಮೂಲೆ ಮೂಲೆಗೂ ಭೂಮಿತಾಯಿಯನ್ನು ಕೂಗಿ ಕೂಗಿ ಚೆಲ್ಲಿದಳು. ಬುಟ್ಟಿ ಬರಿದಾಗುವ ಹೊತ್ತಿಗೆ ದೋಣಿಯವ ಎರಡನೇ ಸುತ್ತಿನಲ್ಲಿ ಪಕ್ಕದ ಬಾಜೂ ಹೊಲದ, ವರಸೆಯಲ್ಲಿ ಚಿಕ್ಕಮ್ಮನಾಗುವ ಕಾಕು ಮತ್ತು ಆಕೆಯ ಗಂಡನನ್ನು ಕರೆತಂದ.

"ಏನ್ರಿ ಅತ್ತಿ, ನಮ್ಮ ಹೊಲದಾಗ ಬಂದು ಚರಗ ಚೆಲ್ಲೀರಿ?" ಅಂದಳು ಕಾಕು.

"ಸಾವ್ಕಾರ್ರ ಹೇಳಿದ್ರಲ್ಲ!" ಎಂದ ದೋಣಿಯವ.

"ನಾನಾ? ಬಾಯಿ ತೆರದ್ರ ನೀರು ಹೊಕ್ಕೀತು ಅಂತ ಮುಚ್ಚಿಕೊಂಡು ಕುಂತಿದ್ದೆ!" ಎಂದ ಅಪ್ಪ.

ಎಲ್ಲರೂ ನನ್ನ ಕಡೆ ತಿರುಗಿದರು. "ನಾನ ಅಂದೆ" ಎಂದೆ. ನನ್ನ ಸ್ವಂತ ದನಿ ಇಷ್ಟು ಸಣ್ಣದೆಂದು ಅವತ್ತೇ ಗೊತ್ತಾಗಿದ್ದು.

ಆಯಿ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕುಂತುಬಿಟ್ಟಳು. "ನಮ್ಮ ಹೊಲದಾಕಿ ಅಲ್ಲೆ ಹಾದಿ ನೋಡಾಕ ಹತ್ತ್ಯಾಳ. ನಾ ಬಾಜೂ ಮನಿಗೆ ಬಡಿಸಿ ಕುಂತೆ."

ಕಾಕು ತನ್ನ ಬುಟ್ಟಿಯನ್ನು ಎತ್ತಿ ಆಯಿಯ ಮುಂದಿಟ್ಟಳು. "ಅಳಬ್ಯಾಡ್ರಿ ಅತ್ತಿ. ನಮ್ಮಾಕಿ ನಿಮ್ಮ ಕೈಲೆ ಉಂಡ್ಲು. ಇದನ್ನ ಒಯ್ದು ನಿಮ್ಮಾಕಿಗೆ ಉಣಿಸ್ರಿ."

"ಪೂರಾ ಬುಟ್ಟಿನ?" ಎಂದ ಆಕೆಯ ಗಂಡ.

"ನೀವೇನು ಬಸುರೇನ್ರಿ?"

ಮತ್ತೆ ದೋಣಿ ಹತ್ತಿದೆವು. ಈ ಸಲ ಅಪ್ಪ ಟಾವೆಲ್ ತೆಗೆದು, ಒಂದು ಕೈಯಿಂದ ದೋಣಿಯ ಅಂಚು, ಇನ್ನೊಂದರಿಂದ ನನ್ನ ಕಿವಿ ಹಿಡಿದು, ತಾನೇ ದಾರಿ ಹೇಳಿದ. ನಮ್ಮ ದಿನ್ನಿಯಲ್ಲಿ ಕಾಕುವಿನ ಬದನಿಕಾಯಿ ಪಲ್ಯ ಚೆಲ್ಲುವ ಮೊದಲು ಆಯಿ ಒಂದು ಚೂರು ಬಾಯಿಗಿಟ್ಟು ನೋಡಿ, ಮುಖ ಕಿವಿಚಿದಳು. ಆಮೇಲೆ ಬಗ್ಗಿ ಮಣ್ಣಿಗೆ ಮೆಲ್ಲಗೆ ಹೇಳಿದಳು:

"ಖಾರ ಭಾಳ ಹಾಕ್ಯಾಳವ್ವಾ. ಇದೊಂದು ವರ್ಷ ಸುಧಾರಿಸ್ಕೋ."