ಜಗಳ ಸಮೇತ ಕೊಂಡ ಮನೆ

ಎಸ್ಪೆರಾನ್ಸಾ ತಾನು ಕೊಳ್ಳಬೇಕೆಂದಿದ್ದ ಮನೆಯನ್ನು ನೋಡಲು ಹೋಗುವ ಪ್ರಶ್ನೆಯೇ ಇರಲಿಲ್ಲ. ಕುಡ್ತರಿ ಎಂಬ ಊರಿಗೆ ಮದುವೆಯಾಗಿ ಬಂದಾಗಿನಿಂದ ಅವಳು ಅದರ ಹಿಂಬದಿಯ ಎರಡು ಕೋಣೆಗಳಲ್ಲೇ ಬಾಡಿಗೆಗಿದ್ದು, ಊರಿನ ಮದುವಣಗಿತ್ತಿಯರ ಬಿಳಿ ಗೌನುಗಳನ್ನು ಹೊಲಿಯುತ್ತಿದ್ದಳು. ಮಳೆ ಬಂದರೆ ಯಾವ ಹಂಚಿನಡಿ ಬಕೆಟ್ ಇಡಬೇಕು, ಯಾವ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಚಿಲಕ ಹಾಕಬೇಕು ಎಂಬುದೆಲ್ಲ ಬಾಯಿಪಾಠ. ಗಂಡ ಮಿಂಗೆಲ್ ಹಡಗಿನ ಅಡುಗೆಯವನ ಕೆಲಸ ಸಾಕೆಂದು ಮನೆಗೆ ಮರಳಿದ ಮೇಲೆ, ಒಮ್ಮೆಯಾದರೂ ಮುಂಬಾಗಿಲಿನಿಂದ ಒಳಗೆ ಬರಬೇಕೆಂಬ ಆಸೆ ಇಬ್ಬರಿಗೂ ಹತ್ತಿತು.

ಮನೆ ಬೇರೆ ಇಬ್ಬರ ಹೆಸರಿನಲ್ಲಿತ್ತು. ಇಗರ್ಜಿಯಲ್ಲಿ ಪಿಟೀಲು ನುಡಿಸುತ್ತಿದ್ದ ಮುದುಕ ಅವೆಲಿನ್, ಮತ್ತು ಅವನ ವಿಧವೆ ಅಕ್ಕ ಕ್ಲೊತಿಲ್ದಾ. ಅವನು ಇಗರ್ಜಿಯ ಹಿಂದಿನ ಓಣಿಯಲ್ಲಿ, ಅವಳು ಕೆರೆಯ ದಂಡೆಯಲ್ಲಿ. ನಡುವೆ ಮಾತಿಲ್ಲ. ಬಹಳ ವರ್ಷಗಳ ಹಿಂದೆ ಅವೆಲಿನ್‌ಗೆ ಹೆಣ್ಣು ಗೊತ್ತಾದಾಗ ಕ್ಲೊತಿಲ್ದಾ ಹುಡುಗಿಯ ತಾಯಿಯ ಪಕ್ಕ ಕೂತು, ‘ನಮ್ಮ ತಮ್ಮನ ಗೊರಕೆಗೆ ಹಂಚು ಸರಿಯುತ್ತೆ’ ಎಂದಿದ್ದಳು. ಸಂಬಂಧ ಮುರಿಯಿತು. ಅವೆಲಿನ್ ಮದುವೆಯಾಗದೆ ಉಳಿದ.

ಇಬ್ಬರೂ ಒಂದೇ ದಿನ ನೋಂದಣಿ ಕಚೇರಿಗೆ ಬಂದು ಸಹಿ ಹಾಕಬೇಕೆಂದು ಮಡಗಾಂವಿನ ವಕೀಲ ರಾಯ್ಕರ್ ಹೇಳಿದ.

“ಒಬ್ಬರದೇ ಆದ್ರೆ ಸಾಲಲ್ವಾ ಬಾಬ್?” ಎಂದಳು ಎಸ್ಪೆರಾನ್ಸಾ.

“ಸಾಲುತ್ತೆ ಬಾಯಿ, ಅರ್ಧ ಅಡುಗೆಮನೆ ಸಿಗುತ್ತೆ. ಒಲೆ ಯಾರ ಪಾಲಿಗೆ ಬರುತ್ತೋ ಅದು ಮಾತ್ರ ನಾನು ಹೇಳಕ್ಕಾಗಲ್ಲ.”

ಸರಿ, ಎಸ್ಪೆರಾನ್ಸಾಳ ಓಡಾಟ ಶುರುವಾಯಿತು. ಮೊದಲು ಇಗರ್ಜಿಯ ಓಣಿಗೆ, ಅಲ್ಲಿಂದ ಕೆರೆದಂಡೆಗೆ.

“ನಿನಗಲ್ದೆ ಇನ್ಯಾರಿಗೆ ಕೊಡ್ಲಿ ಎಸ್ಪಿ?” ಎಂದಳು ಕ್ಲೊತಿಲ್ದಾ. “ಆದ್ರೆ ಮೊದ್ಲು ಅವನು ಹಾಕ್ಲಿ ಸಹಿ.”

“ಅವರೂ ಮೊದ್ಲು ನೀವೇ ಹಾಕ್ಬೇಕು ಅಂತಾರೆ ತಿಯಾ.”

“ಅಂದ್ನಾ?” ಮುದುಕಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. “ಇನ್ನೇನಂದ?”

“ಇನ್ನೇನಿಲ್ಲ.”

“ಮುಚ್ಚಿಡ್ಬೇಡ. ನನ್ನ ಬಗ್ಗೆ ಏನೋ ಅಂದೇ ಇರ್ತಾನೆ. ನೆನಪು ಮಾಡ್ಕೋ, ಅಷ್ಟರಲ್ಲಿ ಚಾ ತರ್ತೀನಿ.”

ಇಗರ್ಜಿಯ ಓಣಿಯಲ್ಲೂ ಅದೇ ಕತೆ. “ಆ ಹೆಂಗಸಿನ ಸುದ್ದಿ ನನಗೆ ಬೇಡ,” ಎಂದು ಅವೆಲಿನ್ ಕಿಟಕಿಯ ಕಡೆ ತಿರುಗಿದ. ಸ್ವಲ್ಪ ಹೊತ್ತು ಬಿಟ್ಟು, “ಮೊಣಕಾಲು ನೋವು ಹೇಗಿದೆಯಂತೆ?” ಎಂದ.

ಹೀಗೆ ಅತ್ತಿಂದಿತ್ತ ತಿರುಗಿ ಎಸ್ಪೆರಾನ್ಸಾಳ ಚಪ್ಪಲಿ ಸವೆಯಿತು, ಸಹಿ ಮಾತ್ರ ಬೀಳಲಿಲ್ಲ. ಒಂದು ಮಧ್ಯಾಹ್ನ ಸಿಗಡಿ ಸಾರು ಬಡಿಸುತ್ತಿದ್ದ ಮಿಂಗೆಲ್‌ನ ಮುಂದೆ ತಟ್ಟೆ ತಳ್ಳಿ ಕೂತಳು.

“ಇವರಿಗೆ ಮನೆ ಬೇಕಾಗಿಲ್ಲ ಮಿಂಗೆಲ್. ಅದು ಮಾರಿಹೋದ್ರೆ ಒಬ್ಬರ ಸುದ್ದಿ ಒಬ್ಬರು ಕೇಳೋಕೆ ನೆಪಾನೇ ಇರಲ್ಲ. ಅದೇ ಭಯ.”

“ಹಾಗಾದ್ರೆ ಮನೆ ನಮಗೆ ಇರ್ಲಿ, ಜಗಳ ಅವರಿಗೇ ಬಿಟ್ಬಿಡು,” ಎಂದ ಮಿಂಗೆಲ್ ಮೀನಿನ ಮುಳ್ಳು ತೆಗೆಯುವಷ್ಟೇ ಸಲೀಸಾಗಿ.

ಎಸ್ಪೆರಾನ್ಸಾ ಎದ್ದು ಕೈ ತೊಳೆದಳು. ಮುಂಬಾಗಿಲ ಮೆಟ್ಟಿಲಿನ ಎರಡೂ ಬದಿಗೆ ಎದುರುಬದುರಾಗಿ ಕಲ್ಲಿನ ಆಸನಗಳಿದ್ದ ಜಗಲಿಯಿತ್ತು, ಬಲ್ಕಾಂವ್. ಮನೆಯ ಮುಂಭಾಗಕ್ಕೆ ಬೀಗ ಬಿದ್ದಾಗಿನಿಂದ ಅಲ್ಲಿ ಬೆಕ್ಕುಗಳು ಮಾತ್ರ ಕೂರುತ್ತಿದ್ದವು.

“ತಿಯಾ, ಮನೆ ನನ್ನದಾದ್ಮೇಲೂ ಸಂಜೆ ಬಲ್ಕಾಂವ್‌ಗೆ ಬನ್ನಿ,” ಎಂದು ಕೆರೆದಂಡೆಗೆ ಹೋಗಿ ಕ್ಲೊತಿಲ್ದಾಗೆ ಹೇಳಿದಳು. “ಎದುರುಗಡೆ ಅವರು ಬಂದು ಕೂರ್ತಾರೆ. ಏನು ಬೈಯೋದಿದ್ರೂ ನೇರ ಬೈದ್ಕೊಳ್ಳಿ. ನನ್ನ ಕಾಲು ಸೋತುಹೋಯ್ತು.”

“ಎಡಗಡೆ ಸಂಜೆಬಿಸಿಲು ಬೀಳುತ್ತೆ,” ಎಂದಳು ಮುದುಕಿ. “ಎಡಗಡೆ ಅವನಿಗೆ.”

ಇಗರ್ಜಿಯ ಓಣಿಗೂ ಹೋಗಿ ಎಸ್ಪೆರಾನ್ಸಾ ಅದನ್ನೇ ಹೇಳಿದಳು. ಕಚೇರಿಗೆ ಹೋಗಬೇಕಾದ ದಿನ ಅವೆಲಿನ್ ಕೋಟು ಇಸ್ತ್ರಿ ಮಾಡಿಸಿಕೊಂಡು ಎಲ್ಲರಿಗಿಂತ ಮೊದಲು ಬಸ್‌ಸ್ಟಾಪಿನಲ್ಲಿ ನಿಂತಿದ್ದ.

ಕಚೇರಿಯಲ್ಲಿ ಗುಮಾಸ್ತ ಕನ್ನಡಕದ ಮೇಲಿಂದ ಕ್ಲೊತಿಲ್ದಾಳನ್ನು ನೋಡಿ, “ಇವರು ನಿಮಗೇನಾಗ್ಬೇಕು?” ಎಂದು ಅವೆಲಿನ್‌ನನ್ನು ಕೇಳಿದ.

“ನಮ್ಮಿಬ್ಬರ ಅಪ್ಪ ಒಬ್ಬನೇ. ಅಷ್ಟೇ ಸಂಬಂಧ.”

“ಹಾಗಂತ ಬರೆಯೋಕಾಗಲ್ಲ.”

“ಅಕ್ಕ ಅಂತ ಬರ್ಕೊಳ್ಳಯ್ಯ,” ಕ್ಲೊತಿಲ್ದಾ ರೇಗಿದಳು. “ಹೇಳೋಕೆ ಅವನಿಗೆ ನಾಲಿಗೆ ಸವೆಯುತ್ತೆ.”

ಸರದಿ ಬರುವ ತನಕ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಎಸ್ಪೆರಾನ್ಸಾ ನಡುವೆ ಕೂತಳು.

“ಅವತ್ತು ಆ ಮಾತು ಹೇಳೋ ದರ್ದೇನಿತ್ತು?” ಅವೆಲಿನ್ ಎದುರಿನ ಗೋಡೆಯನ್ನು ಕೇಳಿದ.

“ಹುಡುಗಿ ನನಗೆ ಹಿಡಿಸ್ಲಿಲ್ಲ,” ಎಂದಳು ಕ್ಲೊತಿಲ್ದಾ ಅದೇ ಗೋಡೆಗೆ.

“ನನಗೂ ಹಿಡಿಸಿರ್ಲಿಲ್ಲ.”

ಎಸ್ಪೆರಾನ್ಸಾ ಇಬ್ಬರ ಮುಖವನ್ನೂ ನೋಡಿದಳು. “ಅಯ್ಯೋ ದೇವ್ರೇ! ಮತ್ತೆ ಇಷ್ಟು ವರ್ಷ?”

“ಇವಳು ಕೇಳ್ಬೇಕಿತ್ತಲ್ಲ,” ಎಂದ ಅವೆಲಿನ್. “ಅವನು ಹೇಳ್ಬೇಕಿತ್ತಲ್ಲ,” ಎಂದಳು ಕ್ಲೊತಿಲ್ದಾ. ನಗು ತಡೆಯಲಾಗದೆ ಎಸ್ಪೆರಾನ್ಸಾ ಸೆರಗಿಲ್ಲದ ತನ್ನ ಫ್ರಾಕಿನ ತೋಳನ್ನೇ ಬಾಯಿಗೆ ಒತ್ತಿಕೊಂಡಳು. ಸಹಿಗಳು ಬಿದ್ದವು. ಯಾರದು ಮೊದಲು ಬಿತ್ತೆಂದು ಆ ಗಲಾಟೆಯಲ್ಲಿ ಯಾರೂ ಗಮನಿಸಲಿಲ್ಲ.

ಮಳೆಗಾಲ ಮುಗಿದ ಮೇಲೆ ಎಸ್ಪೆರಾನ್ಸಾ ಮನೆಗೆ ಸುಣ್ಣಬಣ್ಣ ಮಾಡಿಸಲು ಹೊರಟಳು. ಹಳದಿ ಬಳಿಸಬೇಕೆಂದು ಅವಳ ಮನಸ್ಸು. ಅಷ್ಟು ಹೊತ್ತಿಗೆ ಅಕ್ಕತಮ್ಮ ದಿನಾ ಸಂಜೆ ಬಲ್ಕಾಂವ್‌ನಲ್ಲಿ ಹಾಜರಿ ಹಾಕುತ್ತಿದ್ದರು. ಮಿಂಗೆಲ್ ನಾಲ್ಕು ಲೋಟ ಚಾ ಮಾಡುವುದನ್ನು ರೂಢಿ ಮಾಡಿಕೊಂಡಿದ್ದ.

“ಹಳದಿನಾ?” ಕ್ಲೊತಿಲ್ದಾ ಮುಖ ಸಿಂಡರಿಸಿದಳು. “ಕಾಮಾಲೆ ಬಂದ ಹಾಗೆ ಕಾಣುತ್ತೆ.”

“ಅಕ್ಕ ಹೇಳೋದು ಸರಿ,” ಎಂದ ಅವೆಲಿನ್. “ಈ ಮನೆಗೆ ನೀಲಿನೇ ಚೆಂದ.”

ಇಬ್ಬರೂ ಒಂದಾಗಿದ್ದನ್ನು ಕಂಡು ಎಸ್ಪೆರಾನ್ಸಾಗೆ ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಬಾಡಿಗೆಗಿದ್ದಷ್ಟು ಕಾಲವೂ ಒಂದು ಮೊಳೆ ಹೊಡೆಯಬೇಕಾದರೆ ಈ ಇಬ್ಬರನ್ನೂ ಕೇಳಿದವಳು ಅವಳು.

“ಹಳದಿನೇ,” ಎಂದಳು. “ಮನೆ ನನ್ನದು ತಿಯಾ.”

ಮುದುಕರಿಬ್ಬರೂ ಮುನಿಸಿಕೊಂಡು, ಚಾ ಅರ್ಧಕ್ಕೇ ಬಿಟ್ಟು, ಒಟ್ಟಿಗೇ ಎದ್ದು ಹೋದರು. ಗೋಡೆ ಹಳದಿಯಾದ ದಿನ ಮತ್ತೆ ಬಂದರು. ಕ್ಲೊತಿಲ್ದಾ ಕೂರುವ ಮೊದಲು ಬಣ್ಣ ಒಣಗಿದೆಯೋ ಎಂದು ಬೆರಳಿನಿಂದ ಮುಟ್ಟಿ ನೋಡಿ, “ಕಿಟಕಿಗಾದ್ರೂ ನೀಲಿ ಹೊಡ್ಸು,” ಎಂದಳು.

“ಅದನ್ನ ಹೊಡ್ಸೋಣ,” ಎಂದಳು ಎಸ್ಪೆರಾನ್ಸಾ.